ಪೋಸ್ಟರಿನಲ್ಲಿರುವುದು ಮುನಿಯಲ್ಲಮ್ಮನ ಗೋಂಗೂರ

ಮುಳಬಾಗಿಲು ಪೇಟೆಯಲ್ಲಿ ಒಂದು ಕಟ್ಟು ಗೋಂಗೂರ ಸೊಪ್ಪಿಗೆ ಹತ್ತು ರೂಪಾಯಿ. ಮಳೆ ಹೆಚ್ಚಾಗಿ ಸೊಪ್ಪು ಕೊಳೆತ ವಾರ ಹದಿನೈದು. ಎಲ್ಲರ ಹೊಲದಲ್ಲೂ ಒಟ್ಟಿಗೇ ಬಂದುಬಿಟ್ಟರೆ ಇಪ್ಪತ್ತಕ್ಕೆ ಮೂರು ಕಟ್ಟು. ಸಂಜೆಗೆ ಬಾಡಿದ್ದು ಕೇಳಿದವರಿಗೆ ಪುಕ್ಕಟೆ, ಯಾರೂ ಕೇಳದಿದ್ದರೆ ಹಸುವಿಗೆ. ಇದೇ ಸೊಪ್ಪು ಸಿನಿಮಾದೊಳಕ್ಕೆ ಹೋದರೆ ಗಾಂಜಾ ಆಗುತ್ತದೆ. ಅಲ್ಲಿ ಅದರ ಒಂದು ಮೂಟೆಗೆ ಹೀರೋ ಕೋಟಿ ಲೆಕ್ಕದಲ್ಲಿ ದರ ಹೇಳುತ್ತಾನೆ, ಆ ಮೂಟೆಗಾಗಿ ಗಡ್ಡದ ರೌಡಿಗಳು ಒಬ್ಬರ ಮೇಲೊಬ್ಬರು ಬಿದ್ದು ಸಾಯುತ್ತಾರೆ.

ಈ ಎರಡು ದರಗಳ ನಡುವೆ ಸಿಕ್ಕಿಕೊಂಡು ಒಂದು ವರ್ಷದಿಂದ ತಲೆ ಚಚ್ಚಿಕೊಳ್ಳುತ್ತಿರುವವರು ತಾಯಲೂರು ಕಡೆಯ ಸೊಪ್ಪಿನ ಮುನಿಯಲ್ಲಮ್ಮ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆ ಕೆಳಗಿನ ಮಡಿಯಲ್ಲಿ ಮುನಿಯಲ್ಲಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರಗಾಲಿನಲ್ಲೇ ಮುಂದೆ ಮುಂದೆ ಸರಿಯುತ್ತ ದಂಟು ಕೊಯ್ಯುತ್ತಿದ್ದಾರೆ. ಬಲಗೈಯ ಕುಡುಗೋಲು ನೆಲಕ್ಕೆ ತಾಗುವುದಿಲ್ಲ, ಎಡಗೈ ಮಾತ್ರ ತುಂಬುತ್ತ ಹೋಗುತ್ತದೆ. ಹಿಡಿ ತುಂಬಿದ ಕೂಡಲೇ ಸೊಂಟದಿಂದ ಒಂದು ಎಳೆ ನಾರು ಎಳೆದು, ಎರಡು ಸುತ್ತು ಸುತ್ತಿ, ಹಲ್ಲಿನಿಂದ ಬಿಗಿದು ಗಂಟು ಹಾಕುತ್ತಾರೆ. ಆ ನಾರು ಬಾಳೆಯದಲ್ಲ. ಬಲಿತ ಗೋಂಗೂರದ ಕಡ್ಡಿಯನ್ನು ಕೆರೆ ನೀರಿನಲ್ಲಿ ನೆನೆಹಾಕಿ ಸುಲಿದ ತೊಗಟೆ. ಸೊಪ್ಪನ್ನು ತಿನ್ನುವವರು ತಿಂದ ಮೇಲೆ, ಉಳಿದ ಕಡ್ಡಿ ಬೇರೆ ಸೊಪ್ಪಿಗೆಲ್ಲ ಹಗ್ಗವಾಗುತ್ತದೆ.

"ಇದು ಹಳೇ ನಾರು. ಹೊಸದು ಇಲ್ಲ," ಎನ್ನುತ್ತಾರೆ. "ಮುಗಿದ್ರೆ ಅಂಗಡಿ ದಾರ ತರ್ಬೇಕು. ಸೊಪ್ಪು ಮಾರೋಳು ದಾರ ಕೊಂಡ್ಕೊಳೋ ಕಾಲ ಬಂತು. ಇನ್ನೇನೇನ್ ನೋಡ್ಬೇಕೋ."

ಮಡಿಯ ಒಂದು ಮೂಲೆಗೆ ಹಳೆಯ ಸೀರೆ ಕಟ್ಟಿ ಮರೆ ಮಾಡಿದ್ದಾರೆ. ಮರೆಯ ಮೇಲಿನಿಂದ ಕೆಂಪು ಕಡ್ಡಿಯ ಗಿಡಗಳ ತುದಿ ಕಾಣುತ್ತದೆ. ದಂಟು, ಮೆಂತ್ಯ, ಕೊತ್ತಂಬರಿ ಎಲ್ಲವನ್ನೂ ಕೊಯ್ಯುವ ಕುಡುಗೋಲು ಆ ಮೂಲೆಗೆ ಹೋಗುವುದಿಲ್ಲ.

ಕದಿರೇಶನ ಲಗೇಜ್ ಆಟೊ ಬಂದು ದಾರಿಯಲ್ಲಿ ಹಾರನ್ ಹೊಡೆಯುತ್ತದೆ. ಸೊಪ್ಪಿನ ಗಂಟುಗಳ ಜೊತೆ ಹಿಂದೆಯೇ ಕೂತು ಮುಳಬಾಗಿಲಿಗೆ ಹೊರಡುತ್ತಾರೆ. ಅಲ್ಲಿ ಬಸ್‌ಸ್ಟ್ಯಾಂಡಿನ ಆಚೆ, ಒಂದು ಹಳೆಯ ಕಾಂಪೌಂಡ್ ಗೋಡೆಯ ಬುಡದಲ್ಲಿ ಅವರ ಗೋಣಿತಾಟಿನ ಜಾಗ. ಮೊದಲು ಆ ಗೋಡೆಯ ಮೇಲೆ ಟ್ಯೂಷನ್ ಬೋರ್ಡು, ಮೂಲವ್ಯಾಧಿ ವೈದ್ಯರ ಚೀಟಿ ಇರುತ್ತಿದ್ದವು. ಈಗ ಇಡೀ ಗೋಡೆಗೆ ಒಂದೇ ಪೋಸ್ಟರು. 'ಕ್ರೇಟ್ ಚಂದ್ರ: ನಿಜ ಜೀವನದ ಕಥೆ'. ಹೀರೋ ಟೊಮೆಟೊ ಕ್ರೇಟುಗಳ ರಾಶಿಯ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಿದ್ದಾನೆ. ಹಲ್ಲುಗಳ ನಡುವೆ ಐದು ಬೆರಳಿನ ಒಂದು ಎಲೆ. ಆ ಎಲೆ ಮುನಿಯಲ್ಲಮ್ಮನ ಹೊಲದ್ದು.

ಬೆಳಗಿನ ಮೊದಲ ಗಿರಾಕಿ ಒಬ್ಬ ಪರಿಚಯದ ಮೇಷ್ಟ್ರು. ಗೋಣಿತಾಟಿನ ಮೇಲೆ ಕಣ್ಣಾಡಿಸಿ, ಪೋಸ್ಟರ್ ನೋಡಿ, ನಗು ತಡೆದುಕೊಂಡು ಕೇಳುತ್ತಾರೆ, "ಏನಮ್ಮಾ, ಗೋಂಗೂರ ಇಲ್ವಾ? ಎಲ್ಲಾ ಬೆಂಗ್ಳೂರಿಗೆ ಲೋಡ್ ಆಯ್ತಾ?"

"ಆಯ್ತು ಸ್ವಾಮಿ. ಕ್ರೇಟಿನ ಅಡೀಲಿಟ್ಟು ಕಳಿಸ್ಬಿಟ್ಟೆ. ನಿಮಗೆ ದಂಟು ಬೇಕಾದ್ರೆ ತಗೊಳ್ಳಿ, ಬೇಡದಿದ್ರೆ ಪೊಲೀಸ್ನೋರ್ನ ಕರೀರಿ. ಆದ್ರೆ ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಮಾರೋ ಸೊಪ್ಪಿಗೆ ಅಡ್ಡ."

ಮೇಷ್ಟ್ರು ದಂಟು ತೆಗೆದುಕೊಂಡು ಹೋಗುತ್ತಾರೆ. "ದಿನಾ ಇದೇ," ಎಂದು ಮುನಿಯಲ್ಲಮ್ಮ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಾರೆ. "ಒಬ್ಬೊಬ್ರಿಗೂ ತಾವೇ ಮೊದಲನೇ ಸಲ ಈ ಜೋಕ್ ಮಾಡ್ತಿರೋದು ಅಂತ."

ಆ ಗೋಂಗೂರ ಮುನಿಯಲ್ಲಮ್ಮನ ಮನೆಗೆ ಬಂದದ್ದು ಅತ್ತೆಯ ಸೆರಗಿನಲ್ಲಿ. ಗಡಿಯಾಚೆಯ ಪುಂಗನೂರು ಕಡೆಯಿಂದ ಮದುವೆಯಾಗಿ ಬಂದ ಅತ್ತೆ ಒಂದು ಹಿಡಿ ಬೀಜ ತಂದಿದ್ದರಂತೆ. ಕಡ್ಡಿ ಕೆಂಪು, ಎಲೆಗೆ ಐದು ಬೆರಳು, ಹುಳಿ ಎಂದರೆ ಬರೀ ಬೇಳೆಗೆ ಹಾಕಿದರೂ ಹುಣಸೆಹಣ್ಣು ಬೇಡ. ಅಂಗಡಿಯ ಪ್ಯಾಕೆಟ್ ಬೀಜದ ಗೋಂಗೂರ ಬೇಗ ಬರುತ್ತದೆ, ಬೇಗ ಬಾಡುತ್ತದೆ. ಇದು ನಿಧಾನ, ಆದರೆ ಎರಡು ದಿನ ಇಟ್ಟರೂ ಎಲೆ ನೆಟ್ಟಗೆ ನಿಂತಿರುತ್ತದೆ. ಕೋಲಾರದಲ್ಲಿ ಊಟದ ಮೆಸ್ ನಡೆಸುವ ಕೋದಂಡರಾಮಪ್ಪ ಬೇರೆ ಯಾರ ಸೊಪ್ಪಿನಿಂದಲೂ ಉಪ್ಪಿನಕಾಯಿ ಹಾಕಿಸುತ್ತಿರಲಿಲ್ಲ. ವಾರಕ್ಕೊಂದು ದೊಡ್ಡ ಗಂಟು ಅವರಿಗೇ ಹೋಗುತ್ತಿತ್ತು.

ಅತ್ತೆ ಎರಡು ಮಾತು ಹೇಳಿ ಕಣ್ಣು ಮುಚ್ಚಿದರು. ಬೀಜದ ಸಾಲಿಗೆ ಕುಡುಗೋಲು ಹಾಕಬೇಡ. ಬೀಜದ ಗಡಿಗೆ ಪೂರ್ತಿ ಬರಿದು ಮಾಡಬೇಡ. ಮೊದಲನೆಯದನ್ನು ಮುನಿಯಲ್ಲಮ್ಮ ಇವತ್ತಿನವರೆಗೂ ಪಾಲಿಸಿದ್ದಾರೆ. ಎರಡನೆಯದನ್ನು ಗಂಡ ನರಸಿಂಹಪ್ಪ ಮುರಿದರು. ಅದೂ ಸಿನಿಮಾದ ಉತ್ಸಾಹದಲ್ಲಿ.

ಕ್ರೇಟ್ ಚಂದ್ರ ಎಂದು ಪೋಸ್ಟರಿನಲ್ಲಿರುವವನ ನಿಜ ಹೆಸರು ಚಂದ್ರಮೋಹನ್. ಆವನಿ ಹತ್ತಿರದ ಹಳ್ಳಿಯವನು. ಒಂದು ಕಾಲಕ್ಕೆ ಟೊಮೆಟೊ ಕ್ರೇಟುಗಳ ಕೆಳಗೆ ಗಾಂಜಾ ಮೂಟೆ ಇಟ್ಟು ಗಡಿ ದಾಟಿಸಿ, ಕೋಲಾರ, ಮಾಲೂರು ಮೇಲೆ ಬೆಂಗಳೂರಿಗೆ ಸಾಗಿಸುತ್ತಿದ್ದ. ಹೆಸರು ಮಾಡಿದ, ಸಿಕ್ಕಿಬಿದ್ದ, ಜೈಲು ಮುಗಿಸಿ ಬಂದ. ಆಟೊದ ಕದಿರೇಶ ಆಗ ಅವನ ಕಡೆ ಟೆಂಪೊ ಓಡಿಸುತ್ತಿದ್ದ. ಕ್ರೇಟಿನ ಕೆಳಗೇನಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಸಾಬೀತು ಮಾಡುವಷ್ಟರಲ್ಲಿ ಟೆಂಪೊ ಹೋಯಿತು, ಗೊತ್ತು ಮಾಡಿಕೊಂಡಿದ್ದ ಮದುವೆಯೂ ಮುರಿಯಿತು. ಈಗಲೂ ಗಾಡಿ ನಿಲ್ಲಿಸುವಾಗ ಕದಿರೇಶ ಪೋಸ್ಟರಿಗೆ ಬೆನ್ನು ತಿರುಗಿಸಿಯೇ ಗಂಟು ಇಳಿಸುತ್ತಾನೆ.

"ಸಾಗಿಸ್ದೋನ ಮೇಲೆ ಸಿನಿಮಾ ತೆಗೆದ್ರು, ಹಾರ ಹಾಕಿದ್ರು," ಎನ್ನುತ್ತಾರೆ ಮುನಿಯಲ್ಲಮ್ಮ. "ಗಾಡಿ ಓಡಿಸ್ದೋನು ಕೋರ್ಟಿಗೆ ಅಲೆದ. ಸೊಪ್ಪು ಬೆಳೆದೋಳ ಹೊಲಕ್ಕೆ ಜೀಪ್ ಬಂತು. ನ್ಯಾಯ ಅಂದ್ರೆ ಹಿಂಗಿರ್ಬೇಕು!"

ಹೋದ ವರ್ಷ ಆಷಾಢ ಮುಗಿಯುವ ಹೊತ್ತಿಗೆ ಸಿನಿಮಾದವರು ಬಂದರು. ಅವರಿಗೆ ಗಾಂಜಾ ಹೊಲ ಬೇಕಿತ್ತು, ಗಾಂಜಾ ಬೆಳೆಯುವ ಹಾಗಿರಲಿಲ್ಲ. ನೋಡಲು ಥೇಟ್ ಹಾಗೇ ಇರುವ ಸೊಪ್ಪು ಯಾವುದೆಂದು ಕೇಳುತ್ತ ಕೇಳುತ್ತ ಬಂದವರು ಮುನಿಯಲ್ಲಮ್ಮನ ಗೋಣಿತಾಟಿನ ಮುಂದೆ ನಿಂತರು. ಮ್ಯಾನೇಜರ್ ನರೇಶ್ ಹೊಲ ಬಾಡಿಗೆಗೆ ಕೇಳಿದರು. ಮುನಿಯಲ್ಲಮ್ಮ ಯೋಚನೆ ಮಾಡಿ ಹೇಳುತ್ತೇನೆ ಎಂದರು. ನರಸಿಂಹಪ್ಪ ಯೋಚನೆಯನ್ನೆಲ್ಲ ಅಲ್ಲೇ ಮುಗಿಸಿ ಹೂಂ ಅಂದುಬಿಟ್ಟರು. ಅವರಿಗೆ ಒಂದು ಪಾತ್ರ ಕೊಡುವುದಾಗಿ ಮಾತಾಗಿತ್ತು. ಗಾಂಜಾ ಹೊಲದ ಕಾವಲುಗಾರ.

"ಹೊಲ ದಟ್ಟವಾಗಿ ಕಾಣ್ಬೇಕು ಯಜಮಾನ್ರೆ, ಮಣ್ಣೇ ಕಾಣ್ಬಾರ್ದು," ಎಂದು ನರೇಶ್ ಹೇಳಿದ್ದರು. ನರಸಿಂಹಪ್ಪ ರಾಗಿಯ ತಾಕನ್ನೂ ಸೇರಿಸಿ ಉತ್ತು, ಹೆಂಡತಿ ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ ಗಡಿಗೆ ಬೋರಲು ಹಾಕಿ ಕಡೆಯ ಕಾಳಿನವರೆಗೂ ಚೆಲ್ಲಿಬಿಟ್ಟರು. ಮುನಿಯಲ್ಲಮ್ಮ ಸಂಜೆ ಬಂದು ಗಡಿಗೆಯೊಳಗೆ ಕೈ ಆಡಿಸಿದರೆ, ಹುಳ ಹಿಡಿಯದಂತೆ ಬೀಜಕ್ಕೆ ಬೆರೆಸಿದ್ದ ಬೂದಿ ಮಾತ್ರ ಹತ್ತಿತು.

"ನಿಮಗೆ ಬುದ್ಧಿ ಐತಾ? ಒಂದು ಹಿಡಿ ಬಿಡಬಾರ್ದಾ?"

"ಅದೇ ಹೊಲದಲ್ಲಿ ಬಂಡಿಗಟ್ಲೆ ಬೀಜ ಆಗುತ್ತೆ ಬಿಡೇ. ಹಿಡಿ ಲೆಕ್ಕ ಹಾಕ್ತಾಳೆ."

ಆಗಲಿಲ್ಲ. ಗೋಂಗೂರಕ್ಕೆ ಹಳದಿ ಹೂವು, ನಡುವೆ ಕೆಂಪು ಕಣ್ಣು. ಗಾಂಜಾಕ್ಕೆ ಅಂಥ ಹೂವಿಲ್ಲ. ಹೂ ಬಿಡುವ ಕಾಲಕ್ಕೆ ಸಿನಿಮಾದ ಕಲಾ ವಿಭಾಗದ ಹುಡುಗಿ ಅರ್ಪಿತ ಆಳುಗಳನ್ನು ಕರೆದುಕೊಂಡು ಬಂದು, ದಿನಾ ಬೆಳಿಗ್ಗೆ ಬಿಟ್ಟ ಹೂವನ್ನೆಲ್ಲ ಚಿವುಟಿ ಹಾಕಿಸತೊಡಗಿದಳು. ಹೂ ಹೋದರೆ ಕಾಯಿಲ್ಲ, ಕಾಯಿಲ್ಲದಿದ್ದರೆ ಬೀಜವಿಲ್ಲ. ಅದರ ಮೇಲೆ, ಗಿಡ ಆಳೆತ್ತರ ಬೆಳೆಯಬೇಕೆಂದು ಸೊಪ್ಪು ಕೀಳುವುದಕ್ಕೂ ಬಿಡಲಿಲ್ಲ. ಕೋದಂಡರಾಮಪ್ಪ ಫೋನ್ ಮಾಡಿ ಮಾಡಿ ಬೇಸತ್ತರು.

ಮುನಿಯಲ್ಲಮ್ಮ ಬದುವಿನ ಪಕ್ಕದ ಒಂದು ಸಾಲಿನ ಉದ್ದಕ್ಕೂ ನಡೆದು ಅರ್ಪಿತಳಿಗೆ ಹೇಳಿದರು, "ನೋಡಮ್ಮಾ, ಈ ಸಾಲಿನ ಹೂವಿಗೆ ಯಾರೂ ಕೈ ಹಾಕ್ಬಾರ್ದು. ಇದು ಬೀಜಕ್ಕೆ. ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ಳಿ."

ಅರ್ಪಿತ ಒಳ್ಳೆಯ ಹುಡುಗಿ. ಸಾಲಿನ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿಸಿದಳು. ಕ್ಯಾಮೆರಾ ಆ ಕಡೆ ತಿರುಗುವುದಿಲ್ಲ ಎಂದು ಮಾತು ಕೊಟ್ಟಳು. ಇಡೀ ಹೊಲದಲ್ಲಿ ಹಳದಿ ಹೂ ಉಳಿದದ್ದು ಅದೊಂದೇ ಸಾಲಿನಲ್ಲಿ.

ಕಾಯಿ ಕಟ್ಟಿ, ಇನ್ನೇನು ಕಂದು ಬಣ್ಣಕ್ಕೆ ತಿರುಗಬೇಕು ಎನ್ನುವಾಗ ಒಂದು ದಿನ ಶೂಟಿಂಗಿಗೆ ಕ್ರೇಟ್ ಚಂದ್ರನೇ ಬಂದ. ಬಿಳಿ ಅಂಗಿ, ಬಿಳಿ ಚಪ್ಪಲಿ. ಅವನಿಗೆ ಕುರ್ಚಿ ಹಾಕಿದರು, ಎಳನೀರು ಕೊಟ್ಟರು. ಡೈರೆಕ್ಟರು ವಿನಯದಿಂದ ಕೇಳಿದರು, "ಸರ್, ಹೊಲ ಹೀಗೇ ಇರ್ತಿತ್ತಾ?"

"ನಂಗೇನ್ ಗೊತ್ತು ಸ್ವಾಮಿ? ನಾನು ನೋಡಿರೋದು ಮೂಟೆ. ಗಿಡದ ಮೇಲೆ ಯಾವತ್ತು ನೋಡಿದ್ದೆ?"

ಜೀವಮಾನವೆಲ್ಲ ಸಾಗಿಸಿದ್ದನ್ನು ಅವನು ನೆಲದ ಮೇಲೆ ನಿಂತಿದ್ದಾಗ ಒಮ್ಮೆಯೂ ನೋಡಿರಲಿಲ್ಲ. ಎದ್ದು ಹೋಗಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡ. ಮುಖ ಹುಳ್ಳಗಾಯಿತು, ಆಮೇಲೆ ಅರಳಿತು. "ಅರೆ, ಗೋಂಗೂರ! ನಮ್ಮಮ್ಮನ ಕೈ ಗೋಂಗೂರ ತಿಂದು ಎಷ್ಟು ಕಾಲ ಆಯ್ತು!" ಎಂದವನೇ ಬದುವಿಗೆ ಹತ್ತಿರವಿದ್ದ ಸಾಲಿನಿಂದ ಎರಡು ಗಿಡವನ್ನು ಬುಡಸಮೇತ ಕಿತ್ತ.

ದೂರದಲ್ಲಿ ನೀರು ಕಟ್ಟುತ್ತಿದ್ದ ಮುನಿಯಲ್ಲಮ್ಮ ಗುದ್ದಲಿ ಬಿಸಾಕಿ ಓಡಿ ಬಂದರು. "ಲೇ! ಯಾರ್ಲಾ ಅದು, ಬೀಜದ ಸಾಲಿಗೆ ಕೈ ಹಾಕಿದೋನು?"

ನರೇಶ್ ಅಡ್ಡ ಬಂದು ಪಿಸುಗುಟ್ಟಿದರು, "ಅಮ್ಮಾ, ಅಮ್ಮಾ, ಅವರು ಯಾರು ಗೊತ್ತಾ?"

"ಯಾರಾದ್ರೆ ನನಗೇನು? ಒಂದು ಹೊಲ ಸೊಪ್ಪು ಬಿದ್ದೈತೆ, ಇವನಿಗೆ ಬೀಜದ ಗಿಡಾನೇ ಬೇಕಾಯ್ತಾ? ಕೆಂಪು ಬಟ್ಟೆ ಕಟ್ಟಿರೋದು ಕಣ್ಣಿಗೆ ಕಾಣ್ಸಲ್ವಾ?"

ಚಂದ್ರ ಎರಡೂ ಕೈಯಲ್ಲಿ ಗಿಡ ಹಿಡಿದುಕೊಂಡೇ ತಲೆ ತಗ್ಗಿಸಿದ. ಕಾಯಿಯ ಸುಂಕು ಚುಚ್ಚಿ ಬೆರಳು ತುರಿಸುತ್ತಿತ್ತು. "ತಪ್ಪಾಯ್ತಮ್ಮಯ್ಯಾ. ನಮ್ಮಮ್ಮನಿಗೆ ಅಂತ ಕಿತ್ತೆ."

"ಅಮ್ಮನಿಗೆ ಅಂತ ಕದೀತಾರಾ?"

"ಕದಿಯೋದು ನನ್ನ ಲೈನ್ ಅಲ್ಲಮ್ಮ. ಸಾಗ್ಸೋದಷ್ಟೇ."

ಎಲ್ಲರೂ ನಕ್ಕರು. ಮುನಿಯಲ್ಲಮ್ಮ ನಗಲಿಲ್ಲ. "ಕಿತ್ತಿದ್ದು ಇನ್ನು ನೆಟ್ರೆ ಬದುಕುತ್ತಾ? ತಗೊಂಡ್ ಹೋಗು. ಆ ಎಲೆ ಬೇಯಲ್ಲ, ನಾರು. ನಿಮ್ಮಮ್ಮ ನಿನಗೇ ಬೈತಾಳೆ ನೋಡು," ಎಂದು ಗುದ್ದಲಿ ಹುಡುಕಿಕೊಂಡು ಹೋದರು.

ಗುಂಪಿನಲ್ಲಿದ್ದ ಯಾರೋ ಇದನ್ನು ಫೋನಿನಲ್ಲಿ ಹಿಡಿದಿದ್ದರು. ಮಾತು ತೆಗೆದು, ಕ್ಯಾಮೆರಾ ಲೈಟು ಕಾಣದಂತೆ ಕತ್ತರಿಸಿ, 'ಕ್ರೇಟ್ ಚಂದ್ರ ಮತ್ತೆ ಫೀಲ್ಡಿಗೆ, ಮುಳಬಾಗಿಲು ತಾಲ್ಲೂಕಿನಲ್ಲಿ ಗಾಂಜಾ ತೋಟ' ಎಂದು ಬರೆದು ಬಿಟ್ಟರು. ಮಾರನೇ ದಿನಕ್ಕೆ ಅದು ಶ್ರೀನಿವಾಸಪುರದ ಮಾವಿನ ಮಂಡಿಯವರ ಫೋನಿನಲ್ಲೂ ಇತ್ತು.

ಜೀಪ್ ಬಂತು. ಎಸ್‌ಐ ಇಳಿದು ಹೊಲ ನೋಡಿದರು, ಎಲೆ ಕಿತ್ತು ಅಗಿದರು, ನಕ್ಕರು. "ನಮ್ಮನೇಲಿ ವಾರಕ್ಕೊಂದು ಸಲ ಮಾಡ್ತಾರಮ್ಮ ಇದನ್ನ. ಆದ್ರೆ ಕಂಪ್ಲೇಂಟ್ ಬಂದ್ಮೇಲೆ ನಾವು ಬರ್ಬೇಕಲ್ಲ?" ಎಂದು ಒಂದು ಕಟ್ಟು ಕೀಳಿಸಿ, ಕವರಿಗೆ ಹಾಕಿ, ಅರಗು ಹಚ್ಚಿ ಮುದ್ರೆ ಒತ್ತಿಸಿಕೊಂಡು ಹೋದರು. ಪರೀಕ್ಷೆಯಲ್ಲಿ ಗೋಂಗೂರ ಗೋಂಗೂರವೇ ಎಂದು ಗೊತ್ತಾಯಿತು. ಆ ಸುದ್ದಿಯನ್ನು ಮಾತ್ರ ಯಾರೂ ಯಾರಿಗೂ ಕಳಿಸಲಿಲ್ಲ.

ಆಮೇಲೆ ಶುರುವಾದದ್ದಕ್ಕೆ ಕೊನೆಯಿಲ್ಲ. ಕಾಲೇಜು ಹುಡುಗರು ಬೈಕಿನಲ್ಲಿ ಬಂದು ಹೊಲದ ಮುಂದೆ ಸೆಲ್ಫಿ ತೆಗೆದುಕೊಂಡರು. ಮಾಲೂರು ಕಡೆಯಿಂದ ಬಂದ ಇಬ್ಬರು ಎಲೆ ಕದ್ದು ಒಣಗಿಸಿ ಬೀಡಿ ಸುತ್ತಿ ಸೇದಿ, ಕೆಮ್ಮಿ ಕೆಮ್ಮಿ ಕಣ್ಣು ಕೆಂಪು ಮಾಡಿಕೊಂಡು, ಮಾಲು ಸರಿಯಿಲ್ಲ ಎಂದು ಮುನಿಯಲ್ಲಮ್ಮನಿಗೇ ದೂರು ಹೇಳಿದರು. "ನಿಮ್ಮಪ್ಪನ ಫೋನ್ ನಂಬರ್ ಕೊಡ್ರೋ, ಒಳ್ಳೇ ಮಾಲು ಅವರ ಹತ್ರಾನೇ ಕೊಡಿಸ್ತೀನಿ," ಎಂದರಂತೆ ಇವರು. ಮೆಸ್ಸಿನ ಕೋದಂಡರಾಮಪ್ಪ ಫೋನ್ ಮಾಡಿ ಮುಜುಗರದಿಂದ ಹೇಳಿದರು, "ನನಗೆ ಗೊತ್ತಮ್ಮ. ಆದ್ರೆ ಊಟಕ್ಕೆ ಬರೋರು ಉಪ್ಪಿನಕಾಯಿ ನೋಡಿ ನಗಾಡ್ತಾರೆ. ಸ್ವಲ್ಪ ದಿನ ಬೇಡ." ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಇಷ್ಟನ್ನೂ ಮುನಿಯಲ್ಲಮ್ಮ ನುಂಗಿಕೊಂಡರು. ಬೀಜದ ಸಾಲು ಇತ್ತಲ್ಲ. ಕಾಯಿ ಒಣಗಿ ಗಿಲಿಗಿಲಿ ಅನ್ನಲು ಶುರುವಾಗಿತ್ತು. ಮಂಜು ಆರಿದ ಮೇಲೆ ಬಿಡಿಸಬೇಕೆಂದು ಕಾಯುತ್ತಿದ್ದರು.

ಕ್ಲೈಮ್ಯಾಕ್ಸಿನಲ್ಲಿ ಪೊಲೀಸರು ಗಾಂಜಾ ಹೊಲಕ್ಕೆ ಬೆಂಕಿ ಹಚ್ಚಬೇಕು. ಸೋಮವಾರ ಎಂದಿದ್ದವರು ಹೀರೋನ ಅನುಕೂಲಕ್ಕೆ ಭಾನುವಾರವೇ ಇಟ್ಟುಕೊಂಡರು. ಕ್ಯಾಮೆರಾ ನೆಲದಲ್ಲಿರುತ್ತದೆ ಎಂದಿದ್ದವರು ಡ್ರೋನ್ ತಂದರು. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಬೀಜದ ಸಾಲು ಯಾವುದು, ಬೇರೆ ಸಾಲು ಯಾವುದು? ಅರ್ಪಿತ ಕೂಗಿ ಹೇಳಿದಳು. ಜನರೇಟರಿನ ಗಲಾಟೆಯಲ್ಲಿ ಅವಳ ಕೂಗು ಡೈರೆಕ್ಟರ್ ಕಿವಿಗೆ ಬೀಳಲಿಲ್ಲ.

ಹಸಿ ಗೋಂಗೂರ ಉರಿಯುವುದಿಲ್ಲ. ಹೊಲದ ನಡುವೆ ಹುಲ್ಲು ಹಾಸಿ, ತೆಂಗಿನ ಗರಿ ಒಟ್ಟಿ, ಸೀಮೆಎಣ್ಣೆ ಸುರಿದರೂ ಬರೀ ಹೊಗೆ. ಇಡೀ ಹೊಲದಲ್ಲಿ ಒಣಗಿದ್ದು ಒಂದೇ ಒಂದು ಸಾಲು. ಕಿಡಿ ಹಾರಿದ್ದೇ ತಡ, ಬದುವಿನ ಉದ್ದಕ್ಕೂ ಅದು ಭಗ್ಗೆಂದಿತು. ಕಾಯಿಗಳು ಸಾಸಿವೆ ಒಗ್ಗರಣೆಯ ಹಾಗೆ ಚಟಪಟ ಸಿಡಿದವು.

ಪೇಟೆಯಿಂದ ಆಗತಾನೇ ಇಳಿದಿದ್ದ ಮುನಿಯಲ್ಲಮ್ಮ ಸೊಪ್ಪಿನ ಗೋಣಿ ಹಿಡಿದುಕೊಂಡೇ ಹೊಲದೊಳಕ್ಕೆ ನುಗ್ಗಿದರು. ಅದೇ ಗೋಣಿಯಿಂದ ಬೆಂಕಿ ಬಡಿದರು. ಸೀರೆಯ ಅಂಚು ಸುಟ್ಟಿತು. ನರೇಶ್, ಅರ್ಪಿತ ಇಬ್ಬರೂ ಹಿಡಿದೆಳೆಯುವ ಹೊತ್ತಿಗೆ ಸಾಲು ಬೂದಿಯಾಗಿತ್ತು. ನೆಲದ ಮೇಲೆ ಕೂತು, ಅತ್ತೆಯ ಹೆಸರು ಹಿಡಿದು ಬಾಯಿಬಾಯಿ ಬಡಿದುಕೊಂಡರು.

ಡೈರೆಕ್ಟರು ಬಂದು ಅವರ ಮುಂದೆ ಮಂಡಿಯೂರಿ ಕೈ ಮುಗಿದರು. ಕ್ಷಮೆ ಕೇಳುವುದಕ್ಕೆ ಎಂದುಕೊಂಡರು ಎಲ್ಲರೂ. "ಅಮ್ಮಾ, ಎಂಥಾ ಆಕ್ಟಿಂಗ್! ಒಂದೇ ಟೇಕ್. ಇದು ಪಿಕ್ಚರ್‌ನಲ್ಲಿ ಇರುತ್ತೆ."

ಈಗ ಅದು ಪಿಕ್ಚರ್‌ನಲ್ಲಿದೆ. ಟ್ರೈಲರಿನಲ್ಲೂ ಇದೆ. ಗಾಂಜಾ ಬೆಳೆ ಸುಟ್ಟುಹೋಯಿತೆಂದು ಎದೆ ಬಡಿದುಕೊಂಡು ಅಳುವ ಮುದುಕಿ. ಕೋಲು ಹಿಡಿದು ಬಿಸಿಲಿನಲ್ಲಿ ನಿಂತೂ ನಿಂತೂ ಕಪ್ಪಾದ ನರಸಿಂಹಪ್ಪನ ಪಾತ್ರ ಮಾತ್ರ ಎಲ್ಲೂ ಇಲ್ಲ. ಕತ್ತರಿಸಿದ್ದಾರೆ. "ನಾನು ಆಕ್ಟ್ ಮಾಡ್ದೆ, ಬರ್ಲಿಲ್ಲ. ಇವಳು ಮಾಡ್ಲಿಲ್ಲ, ಬಂದ್ಬಿಟ್ಲು," ಎಂದು ಅವರು ಈಗಲೂ ಕೊರಗುತ್ತಾರೆ.

"ಆಕ್ಟ್ ಮಾಡೋಕೆ ಹೋಗಿ ಗಡಿಗೆ ಬೋರಲು ಹಾಕಿದೋರು ನೀವೇ ತಾನೆ? ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಎನ್ನುತ್ತಾರೆ ಮುನಿಯಲ್ಲಮ್ಮ.

ಯೂನಿಟ್ಟಿನವರು ಗಂಟು ಕಟ್ಟಿಕೊಂಡು ಹೋದ ಮೇಲೆ ಮುನಿಯಲ್ಲಮ್ಮ ಬೂದಿ ಜರಡಿ ಹಿಡಿದರು. ಸಿಕ್ಕ ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರು. ಒಂದೂ ಮೊಳೆಯಲಿಲ್ಲ. ಹೊಲದ ಮಿಕ್ಕ ಗಿಡಗಳು ಹೊಗೆ, ಸೀಮೆಎಣ್ಣೆಗೆ ಕಂದಿ ನಿಂತಲ್ಲೇ ಕೊಳೆತವು. ಹಿಂದೆ ಬೀಜ ಕೊಟ್ಟಿದ್ದ ಮನೆಗಳಿಗೆ ಹೋಗಿ ಕೇಳಿದರೆ, ಅವರೆಲ್ಲ ಎಂದೋ ಪ್ಯಾಕೆಟ್ಟಿಗೆ ತಿರುಗಿಕೊಂಡಿದ್ದರು. ಅಂಥ ಒಂದು ಮನೆಯಿಂದ ಬರಿಗೈಯಲ್ಲಿ ವಾಪಸಾಗುವಾಗ, ಆಟೊದ ಹಿಂದೆ ಕೂತಿದ್ದವರಿಗೆ ತಾವು ಬೈದ ಬೈಗುಳ ನೆನಪಾಯಿತು. ಎರಡು ಗಿಡ. ಬುಡಸಮೇತ. ಕಾಯಿಸಮೇತ.

"ಕದಿರೇಶಾ, ಆವನಿ ಕಡೆ ತಿರುಗ್ಸು."

"ಯಾಕಕ್ಕಾ?"

"ಆ ಚಂದ್ರನ ಮನೆಗೆ."

ಕದಿರೇಶ ಗಾಡಿ ನಿಲ್ಲಿಸಿದ. ಆಮೇಲೆ, "ಊರ ಬಾಗಿಲವರೆಗೂ ಬರ್ತೀನಿ. ಒಳಕ್ಕೆ ಬರಲ್ಲ," ಎಂದ. ಮಾತಿನಂತೆ ಊರ ಮುಂದಿನ ಅರಳಿಕಟ್ಟೆಯ ಹತ್ತಿರವೇ ಇಳಿಸಿದ. ದಾರಿಯಲ್ಲಿ ಒಂದು ಕಡೆ ಮುನಿಯಲ್ಲಮ್ಮ ಒಂದು ಸೇರು ಅವರೆ ಬೀಜ ಕೊಂಡು ಸೆರಗಿಗೆ ಕಟ್ಟಿಕೊಂಡಿದ್ದರು. ಬೀಜ ಕೇಳುವುದಕ್ಕೆ ಬರಿಗೈಯಲ್ಲಿ ಹೋಗಬಾರದು.

ಚಂದ್ರ ಮನೆಯಲ್ಲಿರಲಿಲ್ಲ, ಯಾವುದೋ ಟಿವಿಯವರು ಕರೆದುಕೊಂಡು ಹೋಗಿದ್ದರು. ಅವನ ತಾಯಿ ಆವಲಮ್ಮ ಕೊಟ್ಟಿಗೆ ಮುಂದೆ ಕೂತು ಹುರುಳಿ ಕೇರುತ್ತಿದ್ದರು. ತಾನು ಯಾರೆಂದು ಹೇಳುವ ಮೊದಲೇ ಮುನಿಯಲ್ಲಮ್ಮನ ಕಣ್ಣು ಮೇಲೆ ಹೋಯಿತು. ಹೊಗೆ ಹಿಡಿದ ತೊಲೆಗೆ, ಜೋಳದ ತೆನೆಗಳ ಪಕ್ಕ, ಎರಡು ಕೆಂಪು ಕಡ್ಡಿ ತಲೆಕೆಳಗಾಗಿ ನೇತಾಡುತ್ತಿದ್ದವು. ಕಾಯಿ ಉದುರಿ ಬೀಳದ ಹಾಗೆ ಕೆಳಗೆ ಹಳೇ ರವಿಕೆಯ ಬಟ್ಟೆ ಕಟ್ಟಿತ್ತು.

"ನಿಮ್ಮದಾ?" ಎಂದರು ಆವಲಮ್ಮ. "ಯಾರದೋ ಬೀಜದ ಗಿಡ ಕಿತ್ಕೊಂಡ್ ಬಂದವ್ನೆ, ಬೇಯಿಸ್ಕೊಡಮ್ಮಾ ಅಂದ. ಕೆನ್ನೆಗೆ ಎರಡು ಕೊಡೋಣ ಅನ್ನಿಸ್ತು. ಸೊಪ್ಪು ಯಾವ್ದು, ಬಿತ್ತೋದು ಯಾವ್ದು ಅಂತ ತಿಳಿದಿದ್ರೆ ಹೊಲದಲ್ಲಿ ಇರ್ತಿದ್ದ ಕಣಕ್ಕಾ, ಜೈಲಲ್ಲಿ ಯಾಕಿರ್ತಿದ್ದ? ಯಾರಾದ್ರೂ ಹುಡುಕ್ಕೊಂಡ್ ಬರ್ತಾರೆ ಅಂತ ಕಟ್ಟಿಟ್ಟೆ."

ಬೀಜ ಕೈ ಬದಲಾಗುವಾಗ ಮಾತಾಡಬಾರದು ಎಂಬುದು ಈ ಕಡೆಯ ಹೆಂಗಸರ ಪದ್ಧತಿ. ಕೊಟ್ಟೆ ಎನ್ನಬಾರದು, ತಗೊಂಡೆ ಎನ್ನಬಾರದು. ಆವಲಮ್ಮ ಕಡ್ಡಿ ಇಳಿಸಿ, ಕಾಯಿ ಬಿಡಿಸಿ, ಮೊರದಲ್ಲಿ ಕೇರಿ ಮುನಿಯಲ್ಲಮ್ಮನ ಸೆರಗಿಗೆ ಸುರಿದರು. ಮುನಿಯಲ್ಲಮ್ಮ ಅದೇ ಮೊರಕ್ಕೆ ಅವರೆ ಸುರಿದರು. ಇಬ್ಬರ ಬೆರಳೂ ಸುಂಕಿನಿಂದ ತುರಿಸುತ್ತಿದ್ದವು.

ಹೊರಡುವಾಗ ಆವಲಮ್ಮ ಕೇಳಿದರು, "ಸಿನಿಮಾದಲ್ಲಿ ನನ್ನ ಪಾರ್ಟೂ ಐತಂತಲ್ಲ? ಯಾರೋ ಬೆಳ್ಳಗಿರೋಳು ಮಾಡವ್ಳಂತೆ. ಉದ್ದಕ್ಕೂ ಅಳ್ತಾನೇ ಇರ್ತಾಳಂತೆ."

"ನಾನೂ ಅದ್ರಲ್ಲಿ ಅಳ್ತೀನಂತೆ ಅಕ್ಕಾ."

"ನಾನು ಅಳ್ಲಿಲ್ಲ. ಅವನ್ನ ಹಿಡ್ಕೊಂಡ್ ಹೋದ ದಿನಾನೂ ಅಳ್ಲಿಲ್ಲ. ಎರಡು ಹಸು ಇದ್ವು, ಹಾಲು ಕರೀಬೇಕಿತ್ತು."

ಮತ್ತೆ ಮೊರಕ್ಕೆ ಕೈ ಹಾಕಿದವರು ತಡೆದು ಕೇಳಿದರು, "ಯಾರ ಗಾಡೀಲಿ ಬಂದ್ರಿ?" ಮುನಿಯಲ್ಲಮ್ಮ ಹೆಸರು ಹೇಳಿದರು. ಆವಲಮ್ಮ ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟರು. "ಅವನಿಗೆ ಕೊಡಿ. ನಾನು ಕೊಟ್ಟೆ ಅಂತ ಹೇಳ್ಬೇಡಿ." ಮುನಿಯಲ್ಲಮ್ಮ ಹೇಳಲಿಲ್ಲ. ಆ ಊರಿನಲ್ಲಿ ತನ್ನನ್ನು ನೆನೆದು ಮಜ್ಜಿಗೆ ಕಳಿಸುವವರು ಯಾರೆಂದು ಕದಿರೇಶನೂ ಕೇಳಲಿಲ್ಲ. ಕುಡಿದು, ಚೊಂಬು ತೊಳೆದು, ಅರಳಿಕಟ್ಟೆಯ ಮೇಲಿಟ್ಟ.

ಶಿವರಾತ್ರಿ ಕಳೆದು ಚಳಿ ಹೋದ ಮೇಲೆ ಆ ಬೀಜ ನೆಲಕ್ಕೆ ಬಿತ್ತು. ಸೀರೆಯ ಮರೆಯೊಳಗಿನ ಮೂಲೆ ಅದೇ. ಗಿಡ ಈಗ ಸೊಂಟದುದ್ದ ಬಂದಿದೆ, ಎಲೆ ಐದು ಬೆರಳು ಬಿಟ್ಟಿದೆ. ಕೊಯ್ದರೆ ಇವತ್ತೇ ಪೇಟೆಗೆ ಒಯ್ಯಬಹುದು. ಮುನಿಯಲ್ಲಮ್ಮ ಕೊಯ್ಯುವುದಿಲ್ಲ. ಕಾರ್ತಿಕದಲ್ಲಿ ಹೂ ಬಿಟ್ಟು, ಕಾಯಾಗಿ, ಒಣಗಿ, ಗಡಿಗೆ ತುಂಬುವವರೆಗೂ ಇಲ್ಲ. ನರಸಿಂಹಪ್ಪನಿಗೆ ಆ ಮರೆಯ ಹತ್ತಿರ ಸುಳಿಯಲು ಅಪ್ಪಣೆಯಿಲ್ಲ. ಗಡಿಗೆಯೂ ಈಗ ಅವರ ಕೈಗೆ ಎಟುಕದ ಅಟ್ಟದಲ್ಲಿದೆ.

ಹೋದ ವಾರ ಅರ್ಪಿತ ಪೇಟೆಗೇ ಬಂದಿದ್ದಳು. ಸಿನಿಮಾಕ್ಕೆ ಪಾಸ್ ತಂದಿದ್ದಳು. ಮುನಿಯಲ್ಲಮ್ಮ ಪಾಸನ್ನು ಗಂಡನಿಗೆ ಕೊಡು ಎಂದು ಹೇಳಿ, ತಮ್ಮದೊಂದು ಕೋರಿಕೆ ಮುಂದಿಟ್ಟರು. "ಶುರುವಿನಲ್ಲಿ ಬೀಡಿ ಸೇದ್ಬೇಡಿ ಅಂತ ಹಾಕ್ತೀರಲ್ಲ, ಪ್ರಾಣಿಗಳಿಗೆ ಏನೂ ಮಾಡಿಲ್ಲ ಅಂತ ಹಾಕ್ತೀರಲ್ಲ, ಅದರ ಕೆಳಗೆ ಒಂದು ಲೈನ್ ಹಾಕ್ಸಮ್ಮಾ. ಇದು ಗೋಂಗೂರ ಅಂತ. ನನ್ನ ಹೆಸರು ಬೇಡ. ಸೊಪ್ಪಿನ ಹೆಸರು ಹಾಕಿ ಸಾಕು."

ಅರ್ಪಿತ ಕೇಳಿ ನೋಡುತ್ತೇನೆ ಎಂದಿದ್ದಾಳೆ. ಅವಳಿಗೂ ನಂಬಿಕೆಯಿದ್ದಂತಿಲ್ಲ.

ಹೊತ್ತೇರಿದೆ. ಗೋಣಿತಾಟಿನ ಮೇಲೆ ನಾಲ್ಕು ಕಟ್ಟು ಮೆಂತ್ಯ ಉಳಿದಿದೆ. ಗೋಡೆಯ ನೆರಳು ಹಿಂದಕ್ಕೆ ಸರಿದು, ಹೀರೋನ ಹಲ್ಲಿನ ನಡುವಿನ ಎಲೆಯ ಮೇಲೆ ಬಿಸಿಲು ಬಿದ್ದಿದೆ. ಮುನಿಯಲ್ಲಮ್ಮ ಒಮ್ಮೆ ತಿರುಗಿ ನೋಡುತ್ತಾರೆ. "ಎಲೆ ಮಾತ್ರ ಚೆನ್ನಾಗಿ ಬಂದೈತೆ. ಹುಳ ತಿಂದಿಲ್ಲ, ಕಲೆ ಇಲ್ಲ. ನಮ್ಮತ್ತೆ ನೋಡ್ಬೇಕಿತ್ತು," ಎಂದು ಗೋಣಿ ಕೊಡವುತ್ತಾರೆ.

ಹೊಲದ ಬಾಡಿಗೆ ಬೋರ್‌ವೆಲ್ ಮೋಟಾರಿನ ರಿಪೇರಿಗೆ ಹೋಯಿತು. ಒಂದು ವರ್ಷದ ಸೊಪ್ಪು ಹೋಯಿತು, ಈ ವರ್ಷದ್ದೂ ಇಲ್ಲ. ಕೋದಂಡರಾಮಪ್ಪ ಇನ್ನೂ ಫೋನ್ ಮಾಡಿಲ್ಲ. ಬೀಜ ಉಳಿಯಿತು.